ಬಟ್ಟಲು ಎಷ್ಟು ದೊಡ್ಡದಿತ್ತು?

ನಿವೃತ್ತಿಯ ದಿನ ಆಸ್ಪತ್ರೆಯವರು ನನಗೊಂದು ಆರ್ಕಿಡ್ ಗಿಡ ಕೊಟ್ಟರು. ಮೂರೇ ವಾರದಲ್ಲಿ ಅದರ ಬೇರು ಕೊಳೆತುಹೋಯಿತು. ನೀರು ಹೆಚ್ಚಾಯಿತು ಎಂದಳು ಹೂವಿನಂಗಡಿಯವಳು. ಹಸಿದು ಬಂದವರಿಗೆ ಅಳೆದು ಉಣಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಡಾಕ್ಟರಮ್ಮನ ಮನೆಯಲ್ಲಿ ಒಂದು ಗಿಡ ನೀರು ಕುಡಿದು ಕುಡಿದು ಸತ್ತಿತು ಎಂದರೆ ನನ್ನ ಸ್ವಭಾವ ಎಂಥದೆಂದು ಮುಂದಿನದನ್ನು ಓದುವ ಮೊದಲೇ ನೀವು ಊಹಿಸಬಹುದು.

ಜರ್ಮನಿಯ ಡಾರ್ಮ್‌ಸ್ಟಾಟಿನ ನನ್ನ ಮನೆಗೆ ಭಾನುವಾರ ಒಬ್ಬರಲ್ಲ ಒಬ್ಬರು ಕನ್ನಡದ ಎಳೆಯ ಡಾಕ್ಟರು ಊಟಕ್ಕೆ ಬರುತ್ತಾರೆ. ಭಾಷಾ ಪರೀಕ್ಷೆ ಎಷ್ಟು ಕಷ್ಟ, ಮನೆ ಎಲ್ಲಿ ಸಿಗುತ್ತದೆ, ಪರವಾನಗಿಯ ಕಾಗದ ಎಷ್ಟು ತಿಂಗಳಿಗೆ ಬರುತ್ತದೆ, ಎಲ್ಲವನ್ನೂ ಕೇಳುತ್ತಾರೆ. ಕೆಲಸ ಹೇಗಿರುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಅದು ಗೊತ್ತಿದೆ ಎಂಬ ಧೈರ್ಯ. ನನಗೂ ಆ ವಯಸ್ಸಿನಲ್ಲಿ ಅಷ್ಟೇ ಧೈರ್ಯವಿತ್ತು. ಹೋದ ತಿಂಗಳು ಮಾತ್ರ ಮೈಸೂರಿನ ಪ್ರಜ್ವಲ್ ಬರ್ಲಿನ್ನಿನಿಂದ ಫೋನ್ ಮಾಡಿದ. ಅವನ ವಾರ್ಡಿಗೆ ಯುದ್ಧಕೈದಿಗಳ ಶಿಬಿರದಿಂದ ಬಿಡುಗಡೆಯಾಗಿ ಬಂದ ಒಬ್ಬ ಮನುಷ್ಯ ಸೇರಿದ್ದನಂತೆ. ಬರೀ ಎಲುಬು.

“ಮೇಡಂ, ನಾನು ಪ್ರೋಟೊಕಾಲ್ ಪ್ರಕಾರಾನೇ ಹೋಗ್ತಿದೀನಿ. ವೇಯ್ಟ್ ಹಾಕಿದ್ರೆ ಕ್ಯಾಲೊರಿ ಎಷ್ಟು ಅಂತ ಆ್ಯಪೇ ಹೇಳತ್ತೆ. ಫಾಸ್ಫೇಟ್ ಕಮ್ಮಿ ಆದ್ರೆ ಸ್ಕ್ರೀನಲ್ಲಿ ಅಲರ್ಟ್ ಬರತ್ತೆ. ಎಲ್ಲಾ ಸರಿ ಇದೆ. ಆದ್ರೆ ಕಪ್ ಹಿಡಿದ್ರೆ ಆ ಮನುಷ್ಯ ಗೋಡೆ ಕಡೆ ತಿರುಗ್ತಾನೆ. ಇದಕ್ಕೇನು ಮಾಡ್ಲಿ?”

“ಅದು ಆ್ಯಪಲ್ಲಿ ಇರುದಿಲ್ಲ ಮಾರಾಯ. ಬರ್ದು ಕಳಿಸ್ತೇನೆ, ಸ್ವಲ್ಪ ತಡಿ” ಎಂದೆ. ಹಾಗೆ ಬರೆಯಲು ಕೂತದ್ದು ಇಷ್ಟು ಉದ್ದವಾಯಿತು. ನನ್ನ ಬಡ್ತಿಗಳ ಕಥೆ ಇದರಲ್ಲಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ. ತಪ್ಪುಗಳು ಮಾತ್ರ ಒಂದೂ ಮರೆತಿಲ್ಲ.

ಮೊದಲನೆಯ ತಪ್ಪು ಬಾಯಿಯದು. ನಾನು ಉಡುಪಿಯವಳು. ನಮ್ಮಲ್ಲಿ ಎದುರು ಸಿಕ್ಕವರನ್ನು “ಊಟ ಆಯ್ತಾ?” ಎಂದು ಕೇಳುವುದು ನಮಸ್ಕಾರ ಹೇಳಿದ ಹಾಗೆ. ಉತ್ತರ ಯಾರಿಗೂ ಬೇಕಾಗಿರುವುದಿಲ್ಲ. ಜರ್ಮನಿಗೆ ಬಂದ ಹೊಸತರಲ್ಲಿ ವಾರ್ಡಿಗೆ ಹೋದವಳು ಅದನ್ನೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರತಿ ಮಂಚದ ಹತ್ತಿರವೂ ನಗುನಗುತ್ತಾ ಕೇಳಿದೆ. ಇಲ್ಲಿಯವರು ಪ್ರಶ್ನೆಯನ್ನು ಪ್ರಶ್ನೆಯೆಂದೇ ತಿಳಿಯುವ ಜನ. ಒಬ್ಬಾಕೆ ಎರಡು ಬನ್ನು, ಬೆಣ್ಣೆ, ಚೆರಿ ಜಾಮ್, ಅರ್ಧ ಮೊಟ್ಟೆ ಎಂದು ಪಟ್ಟಿ ಒಪ್ಪಿಸಿದಳು. ಉಳಿದರ್ಧ ಮೊಟ್ಟೆ ಏಕೆ ಬಿಟ್ಟಳೆಂಬುದನ್ನೂ ವಿವರಿಸಿದಳು. ಪಕ್ಕದ ಕೋಣೆಯ ಮುದುಕರು ಮಾತ್ರ ಬಿಳಿಚಿಕೊಂಡರು. “ತಿನ್ನಬಾರದಿತ್ತೇ? ಇವತ್ತೇ ಆಪರೇಷನ್ನೇ? ನನಗೆ ಯಾರೂ ಹೇಳಲಿಲ್ಲವಲ್ಲ” ಎಂದು ಮಧ್ಯಾಹ್ನದ ಊಟವನ್ನೂ ಮುಟ್ಟದೆ ಕೂತರು, ಸಂಜೆ ದೂರು ಬರೆದುಕೊಟ್ಟರು. ಅವರು ಬಂದಿದ್ದು ಕಾಲುಬೆರಳಿನ ಉಗುರಿನ ತೊಂದರೆಗೆ.

ಆ ದೂರನ್ನು ಓದಿದವರು ನನ್ನ ಮೇಲಿನ ಡಾಕ್ಟರು ಫ್ರಾಉ ಲಿಂಡ್ನರ್, ಅಂದರೆ ಶ್ರೀಮತಿ ಲಿಂಡ್ನರ್. ಎತ್ತರದ ಹೆಂಗಸು, ಬಿಳಿಕೂದಲು, ನಿವೃತ್ತಿಗೆ ಹತ್ತಿರವಾಗಿದ್ದವರು. ನಕ್ಕದ್ದನ್ನು ನೋಡಿದವರು ಕಡಿಮೆ. “ಫ್ರಾಉ ಶೆಟ್ಟಿ, ನಿಮಗೆ ಜನರ ಊಟದ ಮೇಲೆ ಇಷ್ಟು ಆಸಕ್ತಿಯಿದ್ದರೆ ಅದನ್ನು ಎಲ್ಲಾದರೂ ಉಪಯೋಗಿಸೋಣ” ಎಂದು ನನ್ನನ್ನು ತಮ್ಮ ಪೋಷಣೆಯ ವಿಭಾಗಕ್ಕೆ ಎಳೆದುಕೊಂಡರು. ನನ್ನ ಇಡೀ ವೃತ್ತಿ ಶುರುವಾದದ್ದು ಒಂದು ದೂರಿನಿಂದ. ಎಡವಿ ಬಿದ್ದದ್ದೇ ದಾರಿಯಾಯಿತು.

ಸ್ವಲ್ಪ ಕಾಲಕ್ಕೆ ಬೋಸ್ನಿಯಾದ ಯುದ್ಧ. ಅಲ್ಲಿನ ಸೆರೆಶಿಬಿರದಿಂದ ಬಿಡುಗಡೆಯಾದ ಕೆಲವು ಗಂಡಸರನ್ನು ಒಂದು ಬೆಳಿಗ್ಗೆ ಬಸ್ಸಿನಲ್ಲಿ ನಮ್ಮಲ್ಲಿಗೆ ಕರೆತಂದರು. ಬಸ್ಸಿನಿಂದ ಇಳಿಯುವಾಗ ಅವರ ಪ್ಯಾಂಟುಗಳು ಹಗ್ಗದಲ್ಲಿ ನಿಂತಿದ್ದವು. ನಾನು ಓದಿದ್ದೆಲ್ಲ ಮರೆತು ಬಾಗಿಲಲ್ಲಿ ನಿಂತುಬಿಟ್ಟೆ. ನನ್ನ ಪಕ್ಕದಲ್ಲಿದ್ದವಳು ಸಿಸ್ಟರ್ ಲವೀನಾ. ಮಂಗಳೂರಿನವಳು, ನನಗಿಂತ ಹತ್ತು ವರ್ಷ ಮೊದಲೇ ಬಂದು ಇಲ್ಲಿನ ನರ್ಸುಗಳಿಗೆಲ್ಲ ಹಿರಿಯಳಾಗಿದ್ದಳು. “ಡಾಕ್ಟ್ರೇ, ಕಣ್ಣು ಒರೆಸಿಕೊಳ್ಳಿ. ಅವರಿಗೆ ನಾಚಿಕೆ ಆಗ್ತದೆ” ಎಂದು ಕನ್ನಡದಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋದಳು.

ಊರಿಗೆ ಸುದ್ದಿ ಹರಡಿತು. ಹಸಿದವರು ಬಂದಿದ್ದಾರೆಂದು ಸುತ್ತಲಿನ ಹೆಂಗಸರು ಕೇಕು ಬೇಯಿಸಿ ತಂದರು. ಚಾಕಲೇಟು, ಸಾಸೇಜು, ಬೆಣ್ಣೆ ಹಚ್ಚಿದ ಬ್ರೆಡ್ಡು. ಫ್ರಾಉ ಲಿಂಡ್ನರ್ ವಾರ್ಡಿನ ಬಾಗಿಲಿಗೆ ಕಾವಲು ನಿಂತವರ ಹಾಗೆ ನಿಂತು ಎಲ್ಲವನ್ನೂ ಇಸಿದುಕೊಂಡು, ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಆ ತಿಂಗಳು ಕೇಕು ತಿಂದವರು ನಾವು. ಲವೀನಾಳ ಯೂನಿಫಾರ್ಮಿನ ಗುಂಡಿ ಹಾಕಲು ಬರುತ್ತಿರಲಿಲ್ಲ. “ಇಷ್ಟು ಕಟುಕ ಹೆಂಗಸು ಉಂಟಾ ಡಾಕ್ಟ್ರೇ?” ಎನ್ನುತ್ತಾ ಮತ್ತೊಂದು ತುಂಡು ಕತ್ತರಿಸುತ್ತಿದ್ದಳು.

ಕಟುಕತನವಲ್ಲ ಅದು, ಶಾಸ್ತ್ರ. ಬಹಳ ಕಾಲ ಹಸಿದ ಮೈ ತನ್ನ ಅಡುಗೆಮನೆಗೆ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿರುವುದು ಒಬ್ಬನೇ ಬಡಕಲು ಅಡುಗೆಯವ. ಒಮ್ಮೆಲೇ ಮದುವೆ ಮನೆಯ ಸಾಮಾನು ತಂದು ಸುರಿದರೆ ಅವನು ಕುಸಿದು ಬೀಳುತ್ತಾನೆ. ಅನ್ನ, ಸಕ್ಕರೆ ಹೊಟ್ಟೆಗೆ ಬಿದ್ದ ಕೂಡಲೇ ಜೀವಕೋಶಗಳು ರಕ್ತದಲ್ಲಿರುವ ಫಾಸ್ಫೇಟ್ ಎಂಬ ಲವಣವನ್ನು ಎಳೆದುಕೊಳ್ಳುತ್ತವೆ. ರಕ್ತದಲ್ಲಿ ಅದು ತಳ ಕಂಡರೆ ಉಸಿರಾಟದ ಸ್ನಾಯು ಸೋಲುತ್ತದೆ, ಎದೆಬಡಿತ ತಪ್ಪುತ್ತದೆ. ಹಸಿವಿನಿಂದ ಬದುಕಿ ಉಳಿದವನು ಊಟದಿಂದ ಸಾಯುತ್ತಾನೆ. ಅದಕ್ಕೇ ಮೊದಲು ವಿಟಮಿನ್ ಸೂಜಿ, ಆಮೇಲೆ ಹಾಲಿನಲ್ಲಿ ಕಲಸಿದ ತೆಳು ಆಹಾರ, ಅದೂ ಅಳತೆಯ ಲೋಟದಲ್ಲಿ, ದಿನಕ್ಕೆ ಇಷ್ಟೇ ಎಂದು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸುವ ವಿಭಾಗ ಇನ್ನೊಂದಿಲ್ಲ.

ಎರಡನೆಯ ತಪ್ಪು ಅಲ್ಲೇ ಆಯಿತು. ಒಬ್ಬನ ತೂಕ ಒಂದೇ ವಾರದಲ್ಲಿ ಎರಡೂವರೆ ಕಿಲೋ ಏರಿತ್ತು. ಖುಷಿಯಿಂದ ವಾರ್ಡಿಗೆಲ್ಲ ಸಾರಿದೆ, ಅವನ ಬೆನ್ನು ತಟ್ಟಿದೆ. ಫ್ರಾಉ ಲಿಂಡ್ನರ್ ಬಂದರು. ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ಉಳಿಯಿತು. “ನೀವು ಮೆಚ್ಚಿದ್ದು ನೀರನ್ನು” ಎಂದರು. ಅಂದಿನಿಂದ ಮೊದಲು ಹೆಬ್ಬೆರಳು, ಆಮೇಲೆ ತಕ್ಕಡಿ. ಈಗ ಮಂಚವೇ ತೂಕ ಹೇಳುತ್ತದಂತೆ. ಹೇಳಲಿ, ಆದರೂ ನಿಮ್ಮ ಹೆಬ್ಬೆರಳನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ಇನ್ನು ಮೂರನೆಯದು.

ಅವರಲ್ಲಿ ಹಸನ್ ಎಂಬವನಿದ್ದ. ನಲವತ್ತೈದರ ಆಸುಪಾಸು, ಟೈಲ್ಸ್ ಹಾಕುವ ಮೇಸ್ತ್ರಿ. ಯುದ್ಧಕ್ಕೆ ಮೊದಲು ಕೆಲವು ವರ್ಷ ಜರ್ಮನಿಯಲ್ಲೇ ದುಡಿದವನು, ಹಾಗಾಗಿ ಜರ್ಮನ್ ನನಗಿಂತ ಚೆನ್ನಾಗಿ ಬರುತ್ತಿತ್ತು. ನಿಲ್ಲಲು ತ್ರಾಣವಿಲ್ಲದ ಆ ಮನುಷ್ಯ ಮೊದಲ ದಿನವೇ ಬಚ್ಚಲಿನ ನೆಲ ನೋಡಿ, “ಡಾಕ್ಟರ್, ಈ ಸಾಲು ಸೊಟ್ಟ ಹಾಕಿದ್ದಾರೆ” ಎಂದ. ಉಳಿದವರು ಇನ್ನಷ್ಟು ಕೊಡಿ ಎಂದು ಜಗಳ ತೆಗೆಯುತ್ತಿದ್ದರು, ಲೋಟ ನೆಕ್ಕುತ್ತಿದ್ದರು. ಹಸನ್ ಏನನ್ನೂ ಕೇಳುತ್ತಿರಲಿಲ್ಲ. ಲೋಟ ಇಟ್ಟರೆ ಗೋಡೆ ನೋಡುತ್ತಿದ್ದ. ಅಳತೆಯ ಅರ್ಧವನ್ನೂ ಕುಡಿಯುತ್ತಿರಲಿಲ್ಲ. ಲವೀನಾ ಗದರಿದಳು, ಬೇಡಿಕೊಂಡಳು, ಕೊನೆಗೆ ಏಸುವಿನ ಹೆಸರನ್ನೂ ತೆಗೆದಳು. ಹಸನ್ ಮರ್ಯಾದೆಯಿಂದ ಕ್ಷಮೆ ಕೇಳಿ ಮತ್ತೆ ಗೋಡೆಗೆ ತಿರುಗಿದ.

ಆ ದಿನಗಳಲ್ಲಿ ನನ್ನ ಹೊಟ್ಟೆ ಕೆಟ್ಟಿತ್ತು. ಮಧ್ಯಾಹ್ನಕ್ಕೆ ಸ್ಟೀಲು ಡಬ್ಬಿಯಲ್ಲಿ ಗಂಜಿ ತರುತ್ತಿದ್ದೆ. ಒಂದು ದಿನ ಹಸನ್‌ನ ಕೋಣೆಯಲ್ಲಿ ಚಾರ್ಟು ಬರೆಯುತ್ತಾ ಡಬ್ಬಿಯ ಮುಚ್ಚಳ ತೆಗೆದೆ. ಅವನು ಗೋಡೆಯಿಂದ ಈಚೆ ತಿರುಗಿದ. “ಅಕ್ಕಿಯೇ?” ಎಂದ. ಅಷ್ಟೇ ಸಾಕಾಯಿತು ನನಗೆ.

ಗಂಜಿ ಎಂದರೆ ನಮಗೆ ಆಹಾರವೇ ಅಲ್ಲ, ಔಷಧಿ. ಜ್ವರಕ್ಕೆ ಗಂಜಿ, ಬಾಣಂತಿಗೆ ಗಂಜಿ, ಹಲ್ಲು ಕಿತ್ತರೆ ಗಂಜಿ. ಗಂಜಿ ಕುಡಿದು ಯಾರಾದರೂ ಕೆಟ್ಟದ್ದುಂಟೇ? ಅಕ್ಕಿಯೂ ಪಿಷ್ಟ, ಹೊಟ್ಟೆಗೆ ಹೋದರೆ ಸಕ್ಕರೆ ಎಂದು ಪುಸ್ತಕದಲ್ಲಿ ಓದಿದ್ದು ತಲೆಯ ಒಂದು ಕೋಣೆಯಲ್ಲಿತ್ತು, ಗಂಜಿ ಇನ್ನೊಂದು ಕೋಣೆಯಲ್ಲಿ. ನಡುವೆ ಬಾಗಿಲೇ ಇರಲಿಲ್ಲ. ಮೊದಲ ದಿನ ನಾಲ್ಕು ಚಮಚ ಕೊಟ್ಟೆ. ಕುಡಿದ. ಮರುದಿನ ಅವನಿಗಾಗಿಯೇ ಹೆಚ್ಚು ಮಾಡಿ ತಂದೆ.

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಕೂತವನು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಬಡಿಸುವವರು ಬೆರಳ ಸಂದಿಯಿಂದಲೇ ಒಂದು ಸೌಟು ಇಳಿಸಿ ಹೋಗುತ್ತಾರೆ. ಸಾಕು ಎಂದಾಗ ನಿಲ್ಲಿಸಿದರೆ ಜಿಪುಣರೆಂಬ ಹೆಸರು ಬರುತ್ತದೆ. ನನ್ನ ಅಮ್ಮ ಈ ವಿದ್ಯೆಯಲ್ಲಿ ಪ್ರಸಿದ್ಧಳು. ಎರಡನೆಯ ದಿನ ಹಸನ್ ನಡುವೆ “ಸಾಕು, ಡಾಕ್ಟರ್” ಎಂದ. “ಇನ್ನು ಸ್ವಲ್ಪ, ಒಂದೇ ಒಂದು” ಎಂದು ನನ್ನ ಬಾಯಿಯಿಂದ ಕನ್ನಡವೇ ಬಂತು. ಅವನಿಗೆ ಅರ್ಥವೂ ಆಯಿತು. ಮತ್ತೆ ಸಾಕು ಎಂದ, ಮತ್ತೆ ಸುರಿದೆ. ಬಟ್ಟಲು ಪೂರ್ತಿ ಖಾಲಿಯಾಯಿತು. ಯಾರೂ ಮಾಡಲಾಗದ್ದನ್ನು ಮಾಡಿದೆ ಎಂಬ ಜಂಬದಲ್ಲಿ ಮನೆಗೆ ಹೋದೆ. ಚಾರ್ಟಿನಲ್ಲಿ ಬರೆಯಲಿಲ್ಲ. ಗಂಜಿಯನ್ನು ಯಾರು ಬರೆಯುತ್ತಾರೆ?

ಮರುದಿನ ಬೆಳಿಗ್ಗೆ ಹಸನ್ ಏದುಸಿರು ಬಿಡುತ್ತಿದ್ದ. ಕೈ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ನಾಡಿ ಓಡಿ ನಿಂತು ಓಡುತ್ತಿತ್ತು. ಫ್ರಾಉ ಲಿಂಡ್ನರ್ ಚಾರ್ಟು ತಿರುವಿದರು. ಮೂರು ದಿನದಿಂದ ಅರ್ಧರ್ಧ ಲೋಟ ಹಾಲಿನ ಆಹಾರ, ಬೇರೇನೂ ಇಲ್ಲ.

“ಇದರ ಪ್ರಕಾರ ಇವನು ಏನೂ ತಿಂದೇ ಇಲ್ಲ. ಮೈಯಲ್ಲಿ ಶಕ್ತಿ ಮುಗಿದಿದೆ. ರಕ್ತ ಪರೀಕ್ಷೆಗೆ ಕಳಿಸಿ, ಅಷ್ಟರಲ್ಲಿ ಗ್ಲೂಕೋಸ್ ಹಚ್ಚಿ” ಎಂದರು.

ಆಗ ಫಾಸ್ಫೇಟಿನ ಫಲಿತಾಂಶ ಬರಲು ಅರ್ಧ ದಿನ ಬೇಕಾಗುತ್ತಿತ್ತು. ಲವೀನಾ ಗ್ಲೂಕೋಸ್ ಬಾಟಲಿಯನ್ನು ತೂಗುಹಾಕುತ್ತಿದ್ದಳು. ಅದೊಂದು ಬಾಟಲಿ ಸಕ್ಕರೆ ಒಳಗೆ ಹೋದರೆ ಹಸನ್ ಮಧ್ಯಾಹ್ನದ ತನಕ ಇರುವುದಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಇನ್ನೊಂದೂ ಗೊತ್ತಿತ್ತು. ವಿದೇಶಿ ಡಾಕ್ಟರಾಗಿ ನಾನು ಕೆಲಸ ಮಾಡಲು ಬೇಕಾದ ಪರವಾನಗಿಯ ನವೀಕರಣಪತ್ರ ಫ್ರಾಉ ಲಿಂಡ್ನರ್ ಅವರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ. ಲವೀನಾ ಸೂಜಿ ಕೈಗೆತ್ತಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದದ್ದಂತೂ ನಿಜ. ಅದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

“ಬೇಡ, ಹಚ್ಚಬೇಡ ಲವೀನಾ” ಎಂದೆ, ಕನ್ನಡದಲ್ಲೇ. ಅವಳು ನಿಲ್ಲಿಸಿದಳು. ಆಮೇಲೆ ಜರ್ಮನ್‌ನಲ್ಲಿ ಹೇಳಿದೆ, “ನಾನು ಅವನಿಗೆ ಅನ್ನ ಕೊಟ್ಟೆ. ನಿನ್ನೆ, ಮೊನ್ನೆ. ಬರೆಯಲಿಲ್ಲ.”

ಬೈಗುಳಕ್ಕೆ ಕಾದೆ. ಫ್ರಾಉ ಲಿಂಡ್ನರ್ ಕೇಳಿದ್ದು ಒಂದೇ ಪ್ರಶ್ನೆ. “ಬಟ್ಟಲು ಎಷ್ಟು ದೊಡ್ಡದಿತ್ತು?”

ಕೈಯಲ್ಲಿ ತೋರಿಸಿದೆ. ಸಾಲದು ಎಂದರು. ಓಡಿಹೋಗಿ ಡಬ್ಬಿ ತಂದೆ. ಅದಕ್ಕೆ ನೀರು ತುಂಬಿಸಿ, ಅಳತೆಯ ಲೋಟಕ್ಕೆ ಸುರಿದು ನೋಡಿದರು. ಅಕ್ಕಿ ಎಷ್ಟು, ನೀರು ಎಷ್ಟು ಎಂದು ಕೇಳಿ ಲೆಕ್ಕ ಹಾಕಿದರು. ಗ್ಲೂಕೋಸ್ ಬಾಟಲಿ ಕೆಳಗಿಳಿಯಿತು, ಫಾಸ್ಫೇಟಿನ ಬಾಟಲಿ ಏರಿತು, ವಿಟಮಿನ್ ಇಮ್ಮಡಿಯಾಯಿತು. ಎದೆಬಡಿತ ತೋರಿಸುವ ಯಂತ್ರ ತಂದು ಹಚ್ಚಿದರು. ಆ ಇಡೀ ದಿನ ನಾನು ಆ ಯಂತ್ರದ ಗೆರೆ ಬಿಟ್ಟು ಬೇರೇನೂ ನೋಡಲಿಲ್ಲ. ಉಡುಪಿಯ ದೇವರನ್ನೆಲ್ಲ ಕರೆದೆ, ಲವೀನಾ ಅವಳ ಕಡೆಯವರನ್ನು ಕರೆದಳು. ಮಧ್ಯೆ ಒಮ್ಮೆ, “ಎಂಥದು ಮಾರಾಯ್ತಿ ನೀವು, ಗಂಜಿ ಕೊಡುದಾದ್ರೆ ನನಗೊಂದು ಮಾತು ಹೇಳ್ಲಿಕ್ಕಾಗುದಿಲ್ವಾ?” ಎಂದು ಕಣ್ಣಲ್ಲಿ ನೀರಿಟ್ಟುಕೊಂಡು ಬೈದಳು. ಮಧ್ಯಾಹ್ನ ಪ್ರಯೋಗಾಲಯದಿಂದ ಫೋನ್ ಬಂತು. ಫಾಸ್ಫೇಟ್ ತಳ ಕಂಡಿತ್ತು. ಸಂಜೆಯ ಹೊತ್ತಿಗೆ ಗೆರೆ ಸಮವಾಯಿತು. ಮರುದಿನ ಹಸನ್ ಲೋಟ ಹಿಡಿಯುವಷ್ಟಾದ.

ಸಹಿ ಕೇಳಲು ಹೋಗುವ ಧೈರ್ಯ ನನಗಿರಲಿಲ್ಲ. ಅವರೇ ಕರೆಸಿದರು. ಪತ್ರಕ್ಕೆ ಸಹಿ ಆಗಿತ್ತು. “ಹಿಂದಿನ ಮಹಾಯುದ್ಧ ಮುಗಿದಾಗ ನಾನು ಹದಿನೇಳರ ಹುಡುಗಿ, ಆಸ್ಪತ್ರೆಯಲ್ಲಿ ಸಹಾಯಕ್ಕಿದ್ದೆ. ಶಿಬಿರದಿಂದ ಬಿಡಿಸಿ ತಂದ ಒಬ್ಬಳು ಹುಡುಗಿಗೆ ನಾನು ಸೂಪು ಕೊಟ್ಟೆ. ಅವಳು ಕೇಳಿದಷ್ಟೂ ಕೊಟ್ಟೆ. ಬಟ್ಟಲು ಎಷ್ಟು ದೊಡ್ಡದಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ” ಎಂದರು. ಪತ್ರವನ್ನು ನನ್ನ ಕೈಗಿಟ್ಟು, “ನೀವು ಹೇಳಿದಿರಿ. ಹೋಗಿ, ಈಗ ಅವನಿಗೂ ಹೇಳಿ” ಎಂದರು. ಅವರ ಮೇಲೆ ನನಗೆ ಹೆದರಿಕೆಯಿದ್ದ ಜಾಗದಲ್ಲಿ ಅಂದಿನಿಂದ ಪ್ರೀತಿ ಬಂತು. ಹೆದರಿಕೆಯೂ ಪೂರ್ತಿ ಹೋಗಲಿಲ್ಲ, ಸುಳ್ಳೇಕೆ.

ಹಸನ್‌ಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ನಾಲ್ಕು ದಿನ ಮುಂದೂಡಿದೆ. ಎಳೆಯರೇ, ರೋಗಿಗೆ ಅವನ ರೋಗ ಹೇಳುವುದನ್ನು ನಿಮಗೆ ಕಲಿಸುತ್ತಾರೆ. ನಿಮ್ಮ ತಪ್ಪು ಹೇಳುವುದನ್ನು ನೀವೇ ಕಲಿಯಬೇಕು. ಸುತ್ತಿ ಬಳಸಿದಷ್ಟೂ ನಾಲಗೆ ಗಂಟಾಗುತ್ತದೆ. ಐದನೆಯ ದಿನ ಅವನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನಿನ್ನನ್ನು ಸಾವಿನ ಬಾಗಿಲಿಗೆ ಒಯ್ದದ್ದು ನನ್ನ ಗಂಜಿ, ನೀನು ಸಾಕು ಎಂದರೂ ನಾನು ಕೇಳಲಿಲ್ಲ, ಕ್ಷಮಿಸು ಎಂದೆ.

ಹಸನ್ ಬೆರಳು ಮಡಚಿ ಏನೋ ಎಣಿಸಿದ. ಆಮೇಲೆ, “ನಾನು ಎಷ್ಟು ಸಲ ಸಾಕು ಎಂದೆ, ಡಾಕ್ಟರ್?” ಎಂದ.

“ಎರಡು ಸಲ.”

“ನಮ್ಮಲ್ಲಿ ಅತಿಥಿ ಮೂರು ಸಲ ಹೇಳಬೇಕು. ಮೊದಲನೆಯದು ಮರ್ಯಾದೆಗೆ. ಎರಡನೆಯದು ನಾಚಿಕೆಗೆ. ಮೂರನೆಯದು ಮಾತ್ರ ನಿಜ. ನಾನು ಅದನ್ನು ಹೇಳಲಿಲ್ಲ.”

“ನಿನಗೆ ಗೊತ್ತಿರಲಿಲ್ಲ, ಹಸನ್.”

“ಗೊತ್ತಿತ್ತು. ಶಿಬಿರದಲ್ಲಿ ಒಬ್ಬನಿಗೆ ಹೇಗೋ ಒಂದು ಇಡೀ ಬ್ರೆಡ್ಡು ಸಿಕ್ಕಿತು. ತಿಂದ. ನಮ್ಮ ಕಣ್ಣೆದುರೇ ಹೋದ. ನನಗೆ ಚೆನ್ನಾಗಿ ಗೊತ್ತಿತ್ತು.” ಅವನು ಮೇಜಿನ ಮೇಲಿನ ಲೋಟ ತೋರಿಸಿದ. “ಇಲ್ಲಿ ಎಲ್ಲರೂ ಒಳ್ಳೆಯವರು. ಲೋಟ ಇಡುತ್ತಾರೆ, ಕುಡಿ ಎನ್ನುತ್ತಾರೆ. ಶಿಬಿರದಲ್ಲೂ ಪಾತ್ರೆ ಇಟ್ಟು ಹೋಗುತ್ತಿದ್ದರು. ಇನ್ನು ಸ್ವಲ್ಪ ಹಾಕಿಕೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಮೂರನೆಯ ಸಲ ಹೇಳಿದ್ದರೆ ನೀವು ಕೇಳುವುದನ್ನು ನಿಲ್ಲಿಸುತ್ತಿದ್ದಿರಿ.”

ನಾನು ಅಲ್ಲೇ ಕೂತು ಅತ್ತೆ. ಡಾಕ್ಟರು ಅಳಬಾರದೆಂಬ ನಿಯಮವನ್ನು ಯಾರು ಮಾಡಿದರೋ, ಅವರು ಹಸನ್‌ನ ಎದುರು ಕೂತಿರಲಾರರು.

ಮಧ್ಯಾಹ್ನದ ಪಾಲನ್ನು ಲವೀನಾ ಅಳೆದು ತಂದಳು. ಲೋಟದ ಗೆರೆಗೆ ಸರಿಯಾಗಿ, ಒಂದು ತೊಟ್ಟು ಆಚೆಯಿಲ್ಲ, ಈಚೆಯಿಲ್ಲ. ನಾನು ಒಂದು ಖಾಲಿ ಬಟ್ಟಲು ಮತ್ತು ಚಮಚ ತರಿಸಿದೆ. ಲೋಟದಿಂದ ಎರಡು ಚಮಚ ಬಟ್ಟಲಿಗೆ ಹಾಕಿ ಕೊಟ್ಟೆ. ಕುಡಿದ. ಇನ್ನು ಸ್ವಲ್ಪ ಹಾಕಲೇ ಎಂದು ಕೇಳಿದೆ. ಹಾಕಿದೆ. ಮತ್ತೆ ಕೇಳಿದೆ. ಬೇಡ ಬೇಡ ಎಂದು ಕೈ ಅಡ್ಡ ಹಿಡಿದ, ನಮ್ಮ ಪಂಕ್ತಿಯವರ ಹಾಗೆಯೇ. ಒಂದೇ ಒಂದು ಚಮಚ ಎಂದು ಪೀಡಿಸಿದೆ. ಅಷ್ಟು ಪುಟ್ಟ ಲೋಟವನ್ನು ಬಡಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಫ್ರಾಉ ಲಿಂಡ್ನರ್ ಬಾಗಿಲಲ್ಲಿ ನಿಂತು ನೋಡಿ ಹೋದರು.

ಲೋಟದ ತಳದಲ್ಲಿ ಕೊನೆಯ ಚಮಚ ಉಳಿದಿತ್ತು. ಇದೊಂದು, ನನಗಾಗಿ ಎಂದೆ. ಅದನ್ನೂ ಕುಡಿದು, ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಹಸನ್ ಮೂರನೆಯ ಸಲ “ಸಾಕು” ಎಂದ.